ಒಳ ಅಂಚು

ಬ್ರೆಕನ್ನಿನ ನನ್ನ ಟೈರ್ ಅಂಗಡಿಗೆ
ದಿಲಿಸ್ ಪ್ರೋಬರ್ಟ್ ಮೂರನೇ ಸಲ ಬಂದಳು.
ಹೊರಗಿನಿಂದ ಟೈರು ಹೊಸದೇ.
ಒಳಗೆ ಬೆರಳಾಡಿಸಿದೆ, ತಂತಿ ಚುಚ್ಚಿತು:
ಒಂದೇ ಮಗ್ಗುಲು ಸವೆದ ಚಪ್ಪಲಿ.

"ಮೂರು ಡಿಗ್ರಿ ಒಳಕ್ಕೆ ವಾಲಿಸಿದ್ದಾರೆ ಯಾರೋ," ಅಂದೆ.
"ಅಣ್ಣ. ಬೆಟ್ಟದ ರೇಸಿಗೆ."

ಸರಿಯೇ. ತಿರುವಿನಲ್ಲಿ ಮೈ ಹೊರಕ್ಕೆ ತೂಗುವಾಗ
ವಾಲಿದ ಗಾಲಿ ನೆಟ್ಟಗೆ ನಿಂತು
ಅಂಗೈಯಗಲ ನೆಲ ಹಿಡಿಯುತ್ತದೆ.
ನೇರ ದಾರಿಯಲ್ಲೋ,
ಒಂದೇ ಅಂಚಿನ ಮೇಲೆ ನಡಿಗೆ.
ಇವಳದು ದಿನಾ ಆಸ್ಪತ್ರೆಯ ಪಾಳಿ,
ಹನ್ನೆರಡು ಮೈಲಿ, ನೂಲು ಹಿಡಿದಂಥ ರಸ್ತೆ.

"ಇಪ್ಪತ್ತು ನಿಮಿಷ. ನೆಟ್ಟಗೆ ಮಾಡಿಕೊಡ್ತೇನೆ."
ಸ್ಪ್ಯಾನರ್ ಕೈಯಲ್ಲೇ ಇತ್ತು.

"ಬೇಡ. ಅವನಿಟ್ಟ ಹಾಗೇ ಇರಲಿ.
ಟೈರಷ್ಟೇ ಬದಲಿಸು."

ಬಿಲ್ಲು ಬರೆದೆ.
ಚರ್ಚಿನ ಮಗ್ಗುಲ ತಿರುವಿನವರೆಗೂ ನೋಡುತ್ತ ನಿಂತೆ.
ಬ್ರೇಕಿನ ಕೆಂಪು ದೀಪ ಹೊತ್ತಲೇ ಇಲ್ಲ.