ದಿನಕ್ಕೊಂದು ಮಿಲಿಮೀಟರ್

ಇದಿನಬ್ಬನವರ ಬಲಗೈ ಮಣಿಕಟ್ಟಿನಲ್ಲಿ
ಬಾಡಿದ ದಂಟಿನ ಹಾಗೆ ಜೋತಿದೆ.
ಎಲುಬು ಮುರಿದಿಲ್ಲ, ಊತವಿಲ್ಲ, ನೋವೂ ಇಲ್ಲ.
"ನೋವಿದ್ದರೆ ಅರ್ಬಾಬು ನಂಬುತ್ತಿದ್ದ."

ಈದಿಗೆ ಮೂರು ದಿನ ಇರುವಾಗ
ರುವಿಯ ಅಂಗಡಿಯಲ್ಲಿ ಎಪ್ಪತ್ತು ದಿಶ್‌ದಾಶ ಬಾಕಿ.
ಸಹರಿ ಮುಗಿಸಿ, ಕುರ್ಚಿಯ ಬೆನ್ನಿಗೆ ತೋಳು ಇಳಿಬಿಟ್ಟು
ಒಂದು ಗಳಿಗೆ ಕಣ್ಣು ಮುಚ್ಚಿದ್ದಂತೆ.
ಅವರು ಎದ್ದರು. ಕೈ ಏಳಲಿಲ್ಲ.

ಹತ್ತಿ ತೆಗೆದುಕೊಳ್ಳುತ್ತೇನೆ.
ಕಣ್ಣು ಮುಚ್ಚಿ, ಮುಟ್ಟಿದಾಗ ಹೇಳಿ.
ಭುಜ. "ಉಂಟು."
ಕಿರುಬೆರಳು. "ಉಂಟು."
ಕೈಯ ಬೆನ್ನಲ್ಲಿ, ಹೆಬ್ಬೆರಳು ತೋರುಬೆರಳ ನಡುವೆ
ಐವತ್ತು ಬೈಸದ ನಾಣ್ಯದಷ್ಟು ಜಾಗ.
ನಾನಿನ್ನೂ ಮುಟ್ಟಿರಲಿಲ್ಲ,
"ಉಂಟು" ಎಂದರು.

ಮುಷ್ಟಿ ಕಟ್ಟಿ ಅಂದರೆ ಕಟ್ಟುತ್ತಾರೆ,
ಮಣಿಕಟ್ಟು ನಾನು ಎತ್ತಿ ಹಿಡಿದರೆ
ನನ್ನ ಬೆರಳು ನೋಯುವಷ್ಟು.
ಬಿಚ್ಚಿ ಅಂದರೆ ಸುಮ್ಮನೆ ನೋಡುತ್ತಾರೆ.
ಕತ್ತರಿ ಮುಚ್ಚಬಲ್ಲರು, ತೆರೆಯಲಾರರು.
ಕತ್ತರಿಸುವುದರಲ್ಲಿ ಅರ್ಧ ತೆರೆಯುವುದೇ ಎಂದು
ಮೂವತ್ತೊಂದು ವರ್ಷದ ಕೂಲಿ ಲೆಕ್ಕದಲ್ಲಿ
ಯಾರೂ ಬರೆದಿರಲಿಲ್ಲ.

ಸೊನ್ನೆ, ಎಂದು ಬರೆದೆ.
"ಎಷ್ಟಕ್ಕೆ?"
ಐದಕ್ಕೆ.
"ಉಳ್ಳಾಲದ ಶಾಲೆಯಲ್ಲೂ ಇಷ್ಟು ಕಮ್ಮಿ ಬರಲಿಲ್ಲ ಮೇಡಂ."

ಸ್ಪ್ಲಿಂಟ್ ಕಟ್ಟಿದೆ. ತಿರುಗಿಸಿ ನೋಡಿದರು.
"ಈ ಹೊಲಿಗೆ ಯಾರದ್ದು? ಎರಡು ವಾರ ಬರ್ಲಿಕ್ಕಿಲ್ಲ."

ನರ ಬೆಳೆಯುವುದು ದಿನಕ್ಕೊಂದು ಮಿಲಿಮೀಟರ್
ಎಂದದ್ದೇ ತಡ, ಕೊರಳಿನ ಟೇಪು ಎಡಗೈಗೆ ಬಂತು.
ಬೆರಳತುದಿಯವರೆಗೆ ಬೇಡ, ಎಂದೆ,
ಮಣಿಕಟ್ಟು ಎತ್ತುವ ಸ್ನಾಯು ಇರುವುದು ಮೊಣಕೈಯ ಹತ್ತಿರ.
ತೋಳಿನ ನಡುವಿನಿಂದ ಅಲ್ಲಿಯವರೆಗೆ ಅಳೆದರು.
"ನೂರಹತ್ತು.
ವೀಸಾದಲ್ಲಿ ತೊಂಬತ್ತು ಉಂಟು."

ವಾರಕ್ಕೊಮ್ಮೆ ನರದ ಜಾಡಿನಲ್ಲಿ ಬೆರಳಿಂದ ತಟ್ಟುತ್ತೇನೆ.
ಕೈಯಲ್ಲಿ ಇರುವೆ ಹರಿದಂತಾದ ಕಡೆ "ನಿಲ್ಲಿಸಿ" ಎಂದು
ಜೇಬಿನಿಂದ ನೀಲಿ ಚಾಕ್ ತೆಗೆದು
ತಾವೇ ಒಂದು ಗೆರೆ ಎಳೆಯುತ್ತಾರೆ,
ಸೊಟ್ಟಗೆ, ಎಡಗೈಯಲ್ಲವೇ.
ಹಳೆಯ ಗೆರೆಗೂ ಹೊಸದಕ್ಕೂ ನಡುವೆ
ಒಂದು ಕಾಜಾದಷ್ಟು ಅಂತರ.

ಎಂಬತ್ತೊಂದನೇ ದಿನ ಫೋನು:
"ಮೇಡಂ, ಇಷ್ಟು ದಿನ ಗೆರೆ ಸ್ನಾನದವರೆಗೆ ಇರುತ್ತಿತ್ತು.
ಇವತ್ತು ಅಸರಿನ ವುಝೂವಿಗೇ ಹೋಯಿತು."
ನೀರು ಹರಿಯುವುದು ಮೊಣಕೈಯವರೆಗೆ,
ಎಂದು ಹೊಳೆಯಲು ನನಗೆ ತುಸು ಹೊತ್ತು ಹಿಡಿಯಿತು.

ಮರುದಿನ ನನ್ನ ಹೆಬ್ಬೆರಳಡಿ ಏನೋ ಮಿಸುಕಿತು.
ಸೂಜಿ ಕೆಳಗಿನಿಂದ ಮೇಲೆ ಬರುವ ಮುನ್ನ
ಬಟ್ಟೆ ಉಬ್ಬುತ್ತದಲ್ಲ, ಅಷ್ಟು.
ಒಂದು, ಎಂದು ಬರೆದೆ.

ಕೈ ಜೋತೇ ಇದೆ.
ಅರ್ಬಾಬಿನ ಕಾಗದದಲ್ಲಿ "ಎಷ್ಟು ದಿನ" ಎಂಬ ಖಾನೆ
ಖಾಲಿಯೇ ಇದೆ.
ಅವರು ಹೊರಗೆ ಕೂತು ಎಡಗೈಯಲ್ಲಿ, ಹಲ್ಲು ಸೇರಿಸಿ,
ದಿಶ್‌ದಾಶದ ಕೊರಳಿಗೆ ಕುಚ್ಚು ಕಟ್ಟುತ್ತಿದ್ದಾರೆ.

ಮುಂದಿನವರ ಪಟ್ಟಿಗೆಂದು ಕತ್ತರಿ ಎತ್ತಿಕೊಂಡೆ.
ಕಚ್ಚುವ ಮೊದಲು
ಅದು ಬಾಯಿ ಬಿಡುವ ಸದ್ದು ಕೇಳಿತು.