ಖಾನೆಗಳು

ಕಂದಾಯ ಕಟ್ಟಿದ್ದೇನೆ. ರಸೀದಿಯೂ ಇಳಿದಿದೆ.
ಎಲ್ಲಿಗೆ ಇಳಿಯಿತು, ಅದನ್ನು ಮಾತ್ರ ಕೇಳಬೇಡಿ.

"ಡೌನ್‌ಲೋಡ್ಸ್‌ನಾಗೇ ಇರ್ತೈತಿ ನೋಡು ಚಿಗವ್ವ"
ಅಂದು ಫೋನಿಟ್ಟ ಅಕ್ಕನ ಮಗ ಬಕ್ಕೇಶ.
ಅವನ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿದ ಮೇಲೆ
ಈ ಕಂಪ್ಯೂಟರು ನಮ್ಮ ನಿಟ್ಟುವಳ್ಳಿ ಮನೆಗೆ ಬಂದು
ಹೊಲಿಗೆ ಮಷೀನಿನ ಜಾಗದಲ್ಲಿ ಕೂತಿದೆ.

ತೆರೆದರೆ, ಅಯ್ಯೋ,
ಮೂರು ಸಾವಿರದ ನೂರಾ ಹನ್ನೆರಡು!
ಕೈಜಾರಿ ನೆಲಕ್ಕೆ ಬಿದ್ದ ಗ್ಯಾಲಿಯ ಹಾಗೆ.

ನಾನು ಮೊಳೆ ಜೋಡಿಸುತ್ತಿದ್ದವಳು.
ಮಂಡಿಪೇಟೆಯ ಸಂದಿಯಲ್ಲಿ ಹತ್ತೊಂಬತ್ತು ವರ್ಷ,
ಹತ್ತಿ ದಲಾಲರ ಬಿಲ್ಲು, ಲಗ್ನಪತ್ರಿಕೆ, ಬೀಡಿ ಲೇಬಲ್ಲು,
ಸತ್ತವರ ಶಿವಗಣಾರಾಧನೆಯ ಕಾರ್ಡು.
ಜೋಡಿಸುವುದು ಯಾರಿಗಾದರೂ ಬರ್ತದೆ,
ಹಂಚುವುದನ್ನು ಕಲಿಯಬೇಕು ಎನ್ನುತ್ತಿದ್ದರು ಕಾಶೀಂ ಸಾಬರು.
ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು
ಒಂದೊಂದನ್ನೂ ಅದರದರ ಖಾನೆಗೆ.
ಅವರು ಕಿಟಕಿಯಾಚೆ ನೋಡುತ್ತಲೇ ಹಂಚುವರು,
ಟಿಕ್, ಟಿಕ್,
ಸೀಸ ಮರಕ್ಕೆ ಬಿದ್ದ ಸದ್ದಿನಲ್ಲೇ
ಮನೆ ತಪ್ಪಿದ ಅಕ್ಷರ ಅವರ ಕಿವಿಗೆ ಚುಚ್ಚುತ್ತಿತ್ತು.

ಇಲ್ಲಿ ಸದ್ದಿಲ್ಲ. ಎಲ್ಲಕ್ಕೂ ಒಂದೇ ಹೊಟ್ಟೆ.
ಗ್ಯಾಸಿನ ಚೀಟಿ, ನನ್ನ ಮೊಣಕಾಲಿನ ಎಕ್ಸ್‌ರೇ,
ಬರಲಿಲ್ಲವೆಂದು ಒತ್ತಿದ್ದಕ್ಕೆ, ಒತ್ತಿದ್ದಕ್ಕೆ
ಹನ್ನೊಂದು ಸಲ ಬಂದ ಅದೇ ಕರೆಂಟ್ ಬಿಲ್ಲು,
ಬಾಲಕ್ಕೆ ಒಂದು ಎರಡು ಮೂರು ಅಂಟಿಸಿಕೊಂಡು
ಸೊಸೈಟಿ ಮುಂದಿನ ಸಾಲಿನಂತೆ.
ಉಳಿದವಕ್ಕೆ ಹೆಸರೇ ಇಲ್ಲ, ಬರೀ ಅಂಕಿ.
ಇಪ್ಪತ್ತೆರಡು ಅಂಕಿಯ ಹೆಸರಿಟ್ಟರೆ
ಊಟಕ್ಕೆ ಕರೆಯುವುದು ಹೇಗೆ?

ಖಾನೆ ಮಾಡತೊಡಗಿದೆ.
ಕೇಸಿನಲ್ಲಿ ಅ ಆ ಇ ಈ ಕ್ರಮವಿರಲಿಲ್ಲ, ಗೊತ್ತೇ?
ಹೆಚ್ಚು ಬೇಕಾದದ್ದು ಕೈಗೆ ಹತ್ತಿರ,
ಙ, ಞ ಮೂಲೆಯಲ್ಲಿ ಧೂಳು ತಿನ್ನುತ್ತಾ.
ಹಾಗೇ ಇಟ್ಟೆ. ಕರೆಂಟು, ನೀರು, ಔಷಧಿ ಇತ್ತ.
ಇವರ ಪೆನ್ಷನ್ನು ನಡುವೆ.
ನಾದಿನಿಯ ಜೊತೆಗಿನ ಸೈಟಿನ ತಕರಾರು
ದೂರ, ಞ ಇದ್ದ ಮೂಲೆಗೆ.

ಮುರುಕು ಮೊಳೆಗೊಂದು ಡಬ್ಬಿಯಿತ್ತು ಪ್ರೆಸ್ಸಿನಲ್ಲಿ.
ತುಂಬಿದಾಗ ಕರಗಿಸಲು ಒಯ್ಯುತ್ತಿದ್ದರು.
ಸೊಂಟ ಮುರಿದ 'ಳ' ಮುಂದಿನ ಯುಗಾದಿಗೆ
'ಮ' ಆಗಿ ಮರಳುತ್ತಿತ್ತೋ ಏನೋ.
ಇಲ್ಲಿಯ ಕಸದ ಬುಟ್ಟಿ ಬರಿದು ಮಾಡಿದೆ.
ಇದೊಂದಕ್ಕೆ ಸದ್ದು ಇಟ್ಟಿದ್ದಾರೆ:
ಇಲ್ಲದ ಕಾಗದ ಮುದುಡಿದ ಸದ್ದು.

ನಡುವೆ ಒಂದನ್ನು ತೆರೆದರೆ
ತಲೆಗೆ ಟೋಪಿ ತೊಟ್ಟ ಇಂಗ್ಲಿಷ್ ಅಕ್ಷರ,
ಕಾಲಿಗೆ ಬಾಲ, ನೆತ್ತಿಗೆ ಎರಡೆರಡು ಚುಕ್ಕೆ.
ಫಾಂಟು ಬದಲಿಸಿದೆ. ಮಂಜು ಸರಿದು ಕನ್ನಡ:
"ಮಾನ್ಯರೇ, ಜಗಳೂರು ತಾಲ್ಲೂಕಿನ ತಿಪ್ಪಕ್ಕ ಆದ ನನ್ನ ಹೆಸರು
ಪಟ್ಟಿಯಲ್ಲಿ ತಿಮ್ಮಕ್ಕ ಎಂದು ತಪ್ಪಾಗಿ..."
ಅಂಗಡಿಯ ಕಾಲದ ಅರ್ಜಿ. ಏಳು ವರ್ಷವಾಗಿದೆ.
'ಪ' ತೆಗೆದು 'ಮ', ಅದರಡಿಯ ಒತ್ತು.
ಬರೀ ಎರಡು ಮೊಳೆ.
ನನ್ನ ಕೈಗೆ ಸಿಕ್ಕಿದ್ದರೆ ಅರ್ಧ ನಿಮಿಷ.

ರಸೀದಿ ಸಿಕ್ಕಿತು, ರಾತ್ರಿ ಹನ್ನೊಂದಕ್ಕೆ.
ಬಿಗಿದ ಫಾರಮನ್ನು ಬಲದಿಂದ ಎಡಕ್ಕೆ ಓದುವ ಚಟ
ಕಣ್ಣಿನಿಂದ ಇನ್ನೂ ಹೋಗಿಲ್ಲ.
ಅಂಕಿಯ ಹೆಸರೊಂದನ್ನು ಬಾಲದಿಂದ ಹಿಡಿದೆ,
ಕೊನೆಯ ನಾಲ್ಕು ನಮ್ಮ ಮನೆ ನಂಬರು.
ಅಷ್ಟು ಹೊತ್ತೂ ಎದುರಿಗೇ ಇತ್ತು ಪುಣ್ಯಾತ್ಮ.

ಆರಿಸಿ ಮಲಗಬಹುದಿತ್ತು.
ತಿಪ್ಪಕ್ಕನಿಗೆ ಯಾವ ಖಾನೆ?
ನನ್ನದಲ್ಲ. ಅಳಿಸಲು ಕೈ ಬರುವುದಿಲ್ಲ.
ಹೊಸ ಹಳದಿ ಡಬ್ಬಿ ಹೆಸರು ಕೇಳುತ್ತಾ ಮಿಟುಕಿತು.
'ಬಂದು ಕೇಳಿದರೆ' ಎಂದು ಜೋಡಿಸಿದೆ,
ಒಂದೊಂದೇ ಅಕ್ಷರ, ಕಾಗುಣಿತ ಎರಡು ಸಲ ನೋಡಿ.

ಬೆಳಗ್ಗೆ ಬಕ್ಕೇಶನನ್ನು ಕೇಳಬೇಕು:
ಆ ಹೆಂಗಸು ಪ್ರಿಂಟು ಒಯ್ದಿದ್ದಳೇನೋ?
ಅಥವಾ ಆಗ ಕರೆಂಟು ಹೋಗಿತ್ತೇ?