ಹಿಂದಿನ ಬಾಕಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವವನು ನಾನು.
ಹರಾಜು ಮೊಬೈಲಿಗೆ ಹೋದಮೇಲೆ ಯಾರಿಗೂ ಬೇಡವಾದ
ಹಳೆ ಲಾಟಿನ ಚೀಟಿಗಳು, ಎರಡು ಮೂಟೆ.
ಒಂದು ಮಗ್ಗುಲಲ್ಲಿ ಯಾರದೋ ಗೂಡು, ಯಾವತ್ತಿನದೋ ದರ.
ಇನ್ನೊಂದು ಮಗ್ಗುಲು ಖಾಲಿ.
ಆ ಖಾಲಿಯಲ್ಲೇ ನನ್ನ ರಾಜ್ಯ.

ಶನಿವಾರ ರಾತ್ರಿ ತೌಸೀಫನ ಬಿಚ್ಚಾಣಿಕೆ ಮನೆಯ ಮಹಡಿ ಮೇಲೆ
ಐದು ಜನ ಕೂರುತ್ತಾರೆ. ಕೆಳಗೆ ಬೇಸನ್ನಿನ ಬಿಸಿ ಇನ್ನೂ ಆರಿರುವುದಿಲ್ಲ,
ಬೆಂದ ಹುಳುವಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.
ಹೊಸಬರಾದರೆ ಮೂಗು ಮುಚ್ಚುತ್ತಾರೆ.
ನಮಗೆ ಅದೇ ಗುಹೆಯ ವಾಸನೆ; ಬೇರೆ ವರ್ಣನೆ ಬೇಕಿಲ್ಲ.

ಅವರ ಪಾಲಿಗೆ ನಾನು ಮೇಷ್ಟ್ರು.
ಗಾಳಿ ನಾನು, ಕಾವಲುಗಾರ ನಾನು, ಸಂತೆಯ ಮುದುಕಿ ನಾನು,
ಕಚ್ಚುವ ಹಾವೂ ನಾನೇ.

ಮೊದಲ ವರ್ಷ ನಲವತ್ತು ಹಾಳೆ ಬರೆದೆ.
ಕೋಟೆಗೆ ಏಳು ಬಾಗಿಲು, ಬಾಗಿಲಿಗೊಬ್ಬ ದೊರೆ, ದೊರೆಗೆ ವಂಶಾವಳಿ,
ಮೂರನೇ ದೊರೆಯ ಸೋದರತ್ತೆಗೆ ಮೊಣಕಾಲು ನೋವು, ಅದನ್ನೂ.
ತಲಕಾಯಲಬೆಟ್ಟದ ಬಂಡೆ ನೋಡಿ ನೋಡಿ
ಹಸಿರು ಇಂಕಿನಲ್ಲಿ ನಕ್ಷೆ.

ಬಂದರು. ಕೋಟೆ ಕಾಣಿಸಿತು ಅಂದೆ.
"ಬಾಗಿಲ ಹತ್ರ ಯಾರಾದರೂ ಟೀ ಮಾರ್ತಾವ್ರಾ?" ಅಂದಳು ಅಲುವೇಲು.
ನಲವತ್ತು ಹಾಳೆಯಲ್ಲಿ ಟೀ ಇರಲಿಲ್ಲ.
ಇದ್ದಾನೆ ಅಂದೆ. "ಹೆಸರು?"
ಕೈಲಿದ್ದ ಚೀಟಿ ಮಗುಚಿದೆ:
ಲಾಟು ೧೧೭, ಪಿಳ್ಳಮುನಿಶಾಮಪ್ಪ, ಅರವತ್ತೆರಡು ಕೆಜಿ.

ಅಲ್ಲಿಂದ ನಾಲ್ಕು ತಿಂಗಳು ಯಾರೂ ಕೋಟೆಯೊಳಕ್ಕೆ ಹೋಗಲಿಲ್ಲ.
ಪಿಳ್ಳಮುನಿಶಾಮಪ್ಪನ ಕಳುವಾದ ಕತ್ತೆ ಹುಡುಕಿದರು,
ಅವನ ತಂಗಿಯ ಮದುವೆ ಮಾಡಿಸಿದರು,
ಅವನ ಒಲೆಯೊಳಗಿದ್ದ ದೆವ್ವಕ್ಕೆ ಕೆಲಸ ಕೊಡಿಸಿದರು.
ಏಳೂ ದೊರೆಗಳು ಸಿಂಹಾಸನದಲ್ಲಿ ಕೂತೇ ಇದ್ದರು,
ಅತ್ತೆ ಮೊಣಕಾಲು ನೀವಿಕೊಳ್ಳುತ್ತ.

ಈಗ ಹಾಗೆ ಬರೆಯುವುದಿಲ್ಲ.
ಶುಕ್ರವಾರ ಊಟವಾದಮೇಲೆ ಚೀಟಿ ಹತ್ತೇ.
ಒಂದರಲ್ಲಿ ಬರೀ ಹೆಸರು, ಹೇಗಿದ್ದರೂ ಕೇಳುತ್ತಾರೆ.
ಒಂದರಲ್ಲಿ ಯಾರಿಗೆ ಏನು ಬೇಕು ಎಂಬುದು:
ಸೇತುವೆಯವನಿಗೆ ನಿದ್ದೆ ಬೇಕು.
ರಾಣಿಗೆ ಕ್ಷಮೆ ಬೇಕು, ಬಾಯಿಬಿಟ್ಟು ಕೇಳಳು.
ಅಪಾಯಕ್ಕೆ ಕೆಂಪು ದಾರ, ಗುಟ್ಟಿಗೆ ಹಳದಿ,
ಯಾರ ಗುಟ್ಟೆಂದು ನನಗೇ ಗೊತ್ತಿಲ್ಲದ್ದಕ್ಕೆ ಬರೀ ಗಂಟು.
ನಕ್ಷೆ ಬೇಡ. ಎಳೆಯ ತುದಿ ಬೇಕು,
ತೌಸೀಫನ ಅಮ್ಮಿ ಕುದಿನೀರಲ್ಲಿ ಗೂಡು ಸವರಿ ಸವರಿ ಹುಡುಕುವ ಹಾಗೆ.
ಅದು ಸಿಕ್ಕರೆ ಮಿಕ್ಕಿದ್ದು ಅವರೇ ಎಳೆದುಕೊಂಡು ಹೋಗುತ್ತಾರೆ,
ನಾನು ಎಣಿಸದ ಕಡೆಗೆ.

ಇಪ್ಪತ್ತು ಮುಖದ ದಾಳ ಹಿಪ್ಪುನೇರಳೆ ಸೊಪ್ಪಿನ ಗಾಡಿಗೆ ಬಿದ್ದು ಹೋಯಿತು.
ಈಗ ಟಿಫನ್ ಡಬ್ಬಿಯಲ್ಲಿ ಇಪ್ಪತ್ತು ಚೀಟಿ.
ಆವುಲರೆಡ್ಡಿಗೆ ಯಾವಾಗಲೂ ಮೂರೇ ಬರುತ್ತದೆ.
"ಮೇಷ್ಟ್ರೇ, ಮೋಸ."

ಪ್ರತಿ ವಾರ, ಮೊದಲ ಚೀಟಿಯ ತಲೆಯ ಮೇಲೆ, ಸಾಹುಕಾರರ ಲೆಕ್ಕದಂತೆ
ಹಿಂದಿನ ಬಾಕಿ ಎಂದು ಬರೆಯುತ್ತೇನೆ:
ಸೇತುವೆಯಲ್ಲಿ ಕೊಟ್ಟ ಮಾತು. ಬಾವಿಗೆ ಎಸೆದ ಉಂಗುರ.
ಕೊನೆಗೆ, ಎರಡು ವರ್ಷದಿಂದ, ಅದೇ ಒಂದು:
ಮುಬೀನಾಳ ಹುಡುಗಿಯ ತಾಯಿ ಸತ್ತಿಲ್ಲ.
ಏಳನೇ ಬಾಗಿಲ ಹಿಂದೆ ಇದ್ದಾಳೆ.

ಮುಬೀನಾ ಮದುವೆಯಾಗಿ ಹಿಂದೂಪುರಕ್ಕೆ ಹೋದಳು.
ಅವಳು ಆಡುತ್ತಿದ್ದ ಬೀಗ ತೆಗೆಯುವ ಹುಡುಗಿಯನ್ನು
ಏನು ಮಾಡೋಣ ಅಂದರು ಮಿಕ್ಕವರು.
ಸಾಯಿಸಲು ಕೈ ಬರಲಿಲ್ಲ.
ಪಿಳ್ಳಮುನಿಶಾಮಪ್ಪನ ಅಂಗಡಿಯಲ್ಲಿ ಲೋಟ ತೊಳೀತಾಳೆ ಅಂದೆ,
ಸದ್ಯಕ್ಕೆ.

ಹೋದ ಬಕ್ರೀದಿಗೆ ತವರಿಗೆ ಬಂದಿದ್ದಳು, ಮಗು ಎತ್ತಿಕೊಂಡು.
ಮಾರುಕಟ್ಟೆ ಗೇಟಿನಲ್ಲಿ ಸಿಕ್ಕಿ ಗೂಡಿನ ದರ ಕೇಳಿದಳು,
ಆಮೇಲೆ ದನಿ ತಗ್ಗಿಸಿ, "ನಮ್ಮ ಹುಡುಗಿ?"
"ಲೋಟ ತೊಳೀತಾವ್ಳೆ."
"ಎರಡು ವರ್ಷದಿಂದಾನಾ!" ನಕ್ಕಳು. "ಏಳನೇ ಬಾಗಿಲು ತೆಗೆದ್ರಾ?"
ಚೀಟಿ ಅಂಗಿ ಜೇಬಿನಲ್ಲೇ ಇತ್ತು, ಹಳದಿ ದಾರ ಹೊರಗೆ ಇಣುಕಿ.
ಮಗು ಅದನ್ನು ಹಿಡಿದು ಎಳೆಯತೊಡಗಿತು.
"ಇಲ್ಲ" ಅಂದೆ. "ಕೀಲಿಕೈ ನಿನ್ನ ಹತ್ರ ಐತಲ್ಲ."

ಈ ಶುಕ್ರವಾರ ಇನ್ನೊಂದು ಸಾಲು ಸೇರಿಸಿದ್ದೇನೆ:
ಅಂಗಡಿಯ ಹುಡುಗಿಯ ಕೈಲಿ ಎರಡು ಲೋಟ ಒಡೆದಿವೆ.
ಪಿಳ್ಳಮುನಿಶಾಮಪ್ಪ ಏನೂ ಅಂದಿಲ್ಲ.